ನೀರಿನ ದಾರಿ ನಡೆದ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡು ತಿಂಗಳಾದ ಮೇಲೆ ಅವರ ಶೆಡ್ಡಿನ ಬಾಗಿಲಿಗೆ ಕಟ್ಟಿದ್ದ ತೋರಣವನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮಾವಿನೆಲೆಯ ತೋರಣವಲ್ಲ, ತಂತಿಗೆ ಪೋಣಿಸಿದ ಥರ್ಮೋಸ್ಟಾಟುಗಳ ತೋರಣ. ಲಾರಿ, ಟ್ರ್ಯಾಕ್ಟರ್, ಜೀಪು, ಬೋರ್‌ವೆಲ್ ಗಾಡಿ ಎನ್ನದೆ ಮೂವತ್ತು ವರ್ಷ ಅವರ ಕೈಗೆ ಸಿಕ್ಕ ಡೀಸೆಲ್ ಎಂಜಿನ್ನುಗಳಿಂದ ಕಿತ್ತು ತೆಗೆದ ಹಿತ್ತಾಳೆಯ ಪುಟ್ಟ ಬಿಲ್ಲೆಗಳು. ಗಾಳಿ ಬೀಸಿದರೆ ಕಿಣಿಕಿಣಿ ಎನ್ನುತ್ತಿದ್ದವು. ತೋರಣದ ಕೊನೆಯಲ್ಲಿ, ಇವಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಅಂಗೈಯಗಲದ ಒಂದು ಕರಿ ರಬ್ಬರ್ ಚಕ್ರ ನೇತಾಡುತ್ತಿತ್ತು. ಅದರ ಆರು ಎಲೆಗಳಲ್ಲಿ ಮೂರನ್ನು ಪಂಕ್ಚರ್ ಅಂಗಡಿಯ ಅಂಟು ಹಾಕಿ ಕೂರಿಸಲಾಗಿತ್ತು. ಚಕ್ರದ ಆಚೆಗೆ ತಂತಿಯ ತುದಿಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಮಡಚಿದ್ದರು.

"ಇದ್ನೆಲ್ಲಾ ನೀನೇ ಮಡಿಕ್ಕೋ ಅಮ್ಮಣ್ಣಿ. ನಿಮ್ಮಿಬ್ರ ಜಗಳ ಇದು, ನಂಗ್ಯಾಕೆ" ಅಂದರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ಜಗಳ ಎಂದರೆ ಜಗಳವೇ. ನಾನು ತುಮಕೂರು ಕಡೆಯಿಂದ ಹೊಸೂರಿಗೆ ಬಂದು ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದವಳು. ಆ ಕಾರ್ಖಾನೆಯಲ್ಲಿ ತಯಾರಾಗುವುದೇ ಥರ್ಮೋಸ್ಟಾಟು. ಎಂಜಿನ್ ತಣ್ಣಗಿರುವಾಗ ನೀರನ್ನು ಒಳಗೇ ಸುತ್ತಿಸಿ, ಬಿಸಿಯೇರಿದ ಮೇಲೆ ರೇಡಿಯೇಟರ್ ಕಡೆ ಬಾಗಿಲು ತೆಗೆಯುವ ಸಾಧನ ಅದು. ದಿನವಿಡೀ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು, ಆ ಬಾಗಿಲು ತೆರೆಯಬೇಕಾದ ಬಿಸಿಗೆ ಸರಿಯಾಗಿ ತೆರೆಯುತ್ತದೋ ಇಲ್ಲವೋ ಎಂದು ನೋಡಿ ಪಾಸು ಮಾಡುವುದು ನನ್ನ ಉದ್ಯೋಗ. ಸಂಜೆ ಮನೆಗೆ ಬಂದರೆ ನನ್ನ ಮನೆಯ ಕೆಳಗೇ ಈ ಮೇಸ್ತ್ರಿಯ ಶೆಡ್ಡು. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಅವರದು ಶೆಡ್ಡು, ಅದರ ಮಗ್ಗುಲಿಗೆ ಮನೆ, ಮಹಡಿಯ ಮೇಲೆ ಬಾಡಿಗೆಗೆ ನಾನು. ಅವರು ಕಿತ್ತು ತೋರಣ ಕಟ್ಟಿದ ಬಿಲ್ಲೆಗಳಲ್ಲಿ ಎಷ್ಟೋ ನಾನೇ ಪಾಸು ಮಾಡಿದವು. ಮೆಟ್ಟಿಲ ಬುಡದಲ್ಲೇ ಅವು ನೇತಾಡುತ್ತ ದಿನಾ ನನ್ನನ್ನು ಸ್ವಾಗತಿಸುತ್ತಿದ್ದವು.

"ಯಾಕಣ್ಣ ಕೀಳ್ತೀರಿ ಅದನ್ನ?" ಎಂದು ಮೊದಲ ವಾರವೇ ಕೇಳಿದ್ದೆ.

"ಇದು ಚಳಿ ದೇಶದೋರು ಮಾಡ್ಕಂಡಿರೋ ವಾಲು ಕಣಮ್ಮ. ನಮ್ ಬಿಸ್ಲಿಗೆ ಯಾತಕ್ಕೆ ಇದು? ನೀರು ಹೋಗೋ ದಾರೀಲಿ ಇದೊಂದು ಟೋಲ್‌ಗೇಟು" ಅಂದರು. ವಾಲು ಎಂದರೆ ಅವರ ಬಾಯಲ್ಲಿ ವಾಲ್ವು.

ನನ್ನ ಹನ್ನೊಂದು ವರ್ಷದ ಬಾಡಿಗೆ ವಾಸದಲ್ಲಿ ಈ ಒಂದು ವಿಷಯದಲ್ಲಿ ಅವರು ಸೋತದ್ದು ಒಂದೇ ಸಲ. ಅದನ್ನು ಹೇಳುವುದಕ್ಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಮೇಸ್ತ್ರಿ ಉದ್ದನಪಲ್ಲಿ ಪಕ್ಕದ ಹಳ್ಳಿಯವರು. ಅವರಪ್ಪ ಕೆರೆಯ ನೀರುಗಂಟಿ. ತೂಬು ಎತ್ತಿ, ಕಾಲುವೆಗುಂಟ ಸಲಿಕೆ ಹಿಡಿದು ನಡೆದು, ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವುದು ಅವರ ಕೆಲಸ. ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದು ಯಾರಾದರೂ ಗಲಾಟೆ ಮಾಡಿದರೆ ಅವರಪ್ಪ ಬಾಯಿ ಮಾಡುತ್ತಿರಲಿಲ್ಲವಂತೆ. ತೂಬಿನ ಹತ್ತಿರ ಹೋಗಿ, ಅಲ್ಲಿಂದ ನೀರಿನ ಜೊತೆಗೇ ನಡೆದು ಬರುತ್ತಿದ್ದರಂತೆ. ಎಲ್ಲೋ ಒಂದು ಕಡೆ ಕಸ ಸಿಕ್ಕಿಕೊಂಡಿರುತ್ತಿತ್ತು, ಇಲ್ಲವೆ ಏಡಿ ಬಿಲ ತೋಡಿರುತ್ತಿತ್ತು, ಇಲ್ಲವೆ ಪಕ್ಕದವನು ಮಡೆಯನ್ನು, ಅಂದರೆ ಗದ್ದೆಗೆ ನೀರು ಬಿಡುವ ಬಾಯನ್ನು, ತನ್ನ ಕಡೆ ತಿರುಗಿಸಿಕೊಂಡಿರುತ್ತಿದ್ದ. ಮೇಸ್ತ್ರಿ ಅದನ್ನೇ ಎಂಜಿನ್ನಿಗೆ ತಂದಿದ್ದರು. ಬಿಸಿಯೇರುವ ಗಾಡಿ ಬಂದು ನಿಂತರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಎರಡು ಕೈ ಹಿಂದಕ್ಕೆ ಕಟ್ಟಿ, ಪಂಪಿನಿಂದ ಹೊರಟು ಪೈಪಿಗುಂಟ ಕಣ್ಣಲ್ಲೇ ನಡೆದು ವಾಪಸ್ ಪಂಪಿಗೆ ಬಂದು ನಿಲ್ಲುತ್ತಿದ್ದರು. "ನೀರಿನ ದಾರಿ ನಡೀಬೇಕು ಕಣ್ಲಾ" ಎಂದು ಅವಸರದ ಡ್ರೈವರುಗಳಿಗೆ ಹೇಳುತ್ತಿದ್ದರು. "ಬಿಸಿ ಎಲ್ಲದೆ ಅಂತ ಹುಡುಕ್ಬ್ಯಾಡ. ನೀರು ಎಲ್ಲಿ ನಿಂತದೆ ಅಂತ ಹುಡುಕು."

ಎಣಿಸುವುದು ತೆಲುಗಿನಲ್ಲಿ, ಬೈಯುವುದು ತಮಿಳಿನಲ್ಲಿ, ಸಮಾಧಾನ ಹೇಳುವುದು ಕನ್ನಡದಲ್ಲಿ. ಕೆಲಸ ಕಲಿಸಿದ ಗುರು ಕುಪ್ಪಂ ಕಡೆಯ ತೆಲುಗಿನವರು, ಹಾಗಾಗಿ ಅಂಕಿಗಳೆಲ್ಲ ಗುರುವಿನವು. ರಿಪೇರಿ ಮುಗಿದ ಮೇಲೆ, ತಣ್ಣಗಾದ ನೀರು ಎಂಜಿನ್ನಿಗೆ ವಾಪಸ್ ಬರುವ ರಬ್ಬರ್ ಪೈಪಿನ ಮೇಲೆ ಅಂಗೈ ಇಡುತ್ತಿದ್ದರು. ಒಕಟಿ, ರೆಂಡು, ಮೂಡು ಎಂದು ಶುರು ಮಾಡಿ ಪದಿ, ಅಂದರೆ ಹತ್ತರವರೆಗೆ ಕೈ ತೆಗೆಯದೆ ತಡೆದುಕೊಳ್ಳಲಾದರೆ ಗಾಡಿ ಪಾಸು. ನನಗೆ ಇದು ಸಹಿಸಲಾಗದ ವಿಷಯ. ಒಂದು ಸಲ ಕಾರ್ಖಾನೆಯಿಂದ ಅನುಮತಿ ಪಡೆದು ಟೆಂಪರೇಚರ್ ಗನ್ ತಂದು ಅವರ ಅಂಗೈಯನ್ನು ಪರೀಕ್ಷಿಸಿದೆ. ಐದು ಗಾಡಿಗಳಲ್ಲಿ ಐದಕ್ಕೂ ಅಂಗೈ ಹೇಳಿದ್ದನ್ನೇ ಗನ್ನೂ ಹೇಳಿತು. "ಪರ್ವಾಗಿಲ್ಲ, ನಿನ್ ಗನ್ನು ಚೆನ್ನಾಗದೆ" ಎಂದು ಅದಕ್ಕೆ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು.

ಊಟದ ಡಬ್ಬಿಯದು ಇನ್ನೊಂದು ಕಥೆ. ಪರೀಕ್ಷೆಗೆಂದು ಓಡುತ್ತಿರುವ ಟ್ರ್ಯಾಕ್ಟರಿನ ಎಂಜಿನ್ ತಲೆಯ ಮೇಲೆ ಹುರುಳಿ ಸಾರಿನ ಡಬ್ಬಿ ಇಟ್ಟುಬಿಡುತ್ತಿದ್ದರು. ಸಾರು ಬೆಚ್ಚಗಾದರೆ ಸರಿ, ಕುದಿದರೆ ಕೆಲಸ ಇನ್ನೂ ಬಾಕಿ. ಒಬ್ಬ ರೈತ, ಅವಸರದಲ್ಲಿ ಡಬ್ಬಿಯ ಸಮೇತ ಟ್ರ್ಯಾಕ್ಟರ್ ಓಡಿಸಿಕೊಂಡು ರಾಯಕೋಟೆಯವರೆಗೆ ಹೋಗಿಬಿಟ್ಟಿದ್ದ. ಸಂಜೆ ಅವನೇ ಡಬ್ಬಿ ವಾಪಸ್ ತಂದು, "ಸಾರು ಕುದೀಲಿಲ್ಲ ಮೇಸ್ತ್ರಿ, ನಾನೇ ಉಂಡ್ಬುಟ್ಟೆ, ಗಾಡಿ ಚೆನ್ನಾಗೈತೆ" ಎಂದು ವರದಿ ಒಪ್ಪಿಸಿದ. ಮೇಸ್ತ್ರಿ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ಇಂಥವರ ಬಾಗಿಲಿಗೆ ಒಂದು ಪೊಂಗಲ್ ಹಬ್ಬದ ಮುಂಚಿನ ದಿನ ಹಾಯಿದೋಣಿ ಬಂದು ನಿಂತಿತು.

ಚೆನ್ನೈನಿಂದ ಮಂಗಳೂರಿಗೆ ಟ್ರೇಲರ್ ಮೇಲೆ ಹೊರಟ ದೋಣಿ. ಕೃಷ್ಣಗಿರಿ ದಾಟಿದ ಮೇಲೆ ಟ್ರೇಲರಿನ ಹಿಂದಿನ ಚಕ್ರದ ಬೇರಿಂಗ್ ಹೋಗಿ, ನಮ್ಮ ಶೆಡ್ಡಿನ ಮುಂದಿನ ಹುಣಸೆ ಮರದ ಕೆಳಗೆ ಬಂದು ಕುಸಿಯಿತು. ಹಬ್ಬ, ಬಿಡಿಭಾಗದ ಅಂಗಡಿಗಳೆಲ್ಲ ಮೂರು ದಿನ ಬಂದ್. ಬಿಳಿ ಮೈ, ನೀಲಿ ಅಂಚು, ಮೇಲೆ ಮಲಗಿಸಿ ಕಟ್ಟಿದ ಹಾಯಿಕಂಬ. ಮಾವಿನ ತೋಪು, ಟೊಮೆಟೊ ಹೊಲ, ಹೂವಿನ ಶೆಡ್ಡುಗಳ ನಡುವೆ ಅಷ್ಟು ದೊಡ್ಡ ದೋಣಿ ನಿಂತದ್ದನ್ನು ನೋಡಲು ಸುತ್ತಲಿನ ಹಳ್ಳಿಯವರೆಲ್ಲ ಹೊಸ ಬಟ್ಟೆ ಉಟ್ಟು ಬಂದರು. ಕೃಷ್ಣಗಿರಿ ಡ್ಯಾಮಿಗೆ ತಂದದ್ದೇ ಇರಬೇಕೆಂದು ಕೆಲವರು, ಸಿನಿಮಾ ಶೂಟಿಂಗಿಗೆ ಎಂದು ಕೆಲವರು. ಮಾಟ್ಟು ಪೊಂಗಲ್ ದಿನ ದನಕರು, ಟ್ರ್ಯಾಕ್ಟರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚುವಾಗ ಅಕ್ಕ ದೋಣಿಯ ಮೂತಿಗೂ ಹಚ್ಚಿ ನಿಂಬೆಹಣ್ಣು ಕಟ್ಟಿದರು.

ದೋಣಿಯ ಯಜಮಾನರು ಬಿಳಿ ಗಡ್ಡದ, ಮೆಲುದನಿಯ ಮಂಗಳೂರಿನವರು. ಚೆನ್ನೈನಲ್ಲಿ ಕೆಲಸ ಮುಗಿಸಿ ನಿವೃತ್ತರಾಗಿ ಊರಿಗೆ ಹೊರಟಿದ್ದರು. ಎಲ್ಲರೂ ಅವರನ್ನು ದೋಣಿ ಸಾರ್ ಎಂದೇ ಕರೆದರು. ಅಂಥ ದೋಣಿಯಲ್ಲಿ ಡೀಸೆಲ್ ಎಂಜಿನ್ನೂ ಇರುತ್ತದೆ ಎಂಬುದು ನಮಗೆ ಗೊತ್ತಾದದ್ದೇ ಅವರಿಂದ.

"ಹಾಯಿ ಇದ್ಮೇಲೆ ಎಂಜಿನ್ ಯಾಕೆ ಸಾರ್?" ಎಂದು ಮೇಸ್ತ್ರಿ ಕೇಳಿದರು.

"ಗಾಳಿ ನಾವು ಹೇಳಿದ ಹಾಗೆ ಕೇಳ್ತದಾ ಮಾರಾಯ್ರೇ? ಹೊಳೆ ಸಮುದ್ರ ಸೇರುವ ಜಾಗ ಉಂಟಲ್ಲ, ಅಳಿವೆ, ಅಲ್ಲಿ ಅಲೆ ಒಡೀತದೆ, ಎರಡೂ ಬದಿ ಕಲ್ಲು. ಅಲ್ಲಿ ಎಂಜಿನ್ ಬೇಕೇ ಬೇಕು. ನಡುವಿನಲ್ಲಿ ನಿಂತರೆ ದೋಣಿ ಕಲ್ಲಿಗೆ ಹೋಗಿ ಬಡೀತದೆ. ನನ್ನ ಎಂಜಿನ್ ಹತ್ತು ನಿಮಿಷಕ್ಕೆ ಕುದಿಯುತ್ತದೆ. ಅದಕ್ಕೇ ಸಮುದ್ರದ ಮೇಲೆ ತರಲು ಧೈರ್ಯ ಆಗಲಿಲ್ಲ, ರಸ್ತೆಯಲ್ಲಿ ತಂದದ್ದು" ಅಂದರು ದೋಣಿ ಸಾರ್. ನಿವೃತ್ತಿಯಾದ ಮೇಲೆ ಹೆಂಡತಿಯನ್ನು ಅವರ ತವರು ಮಲ್ಪೆಗೆ ಸಮುದ್ರದ ಮೇಲೆಯೇ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ಮೂವತ್ತು ವರ್ಷವಾಯಿತೆಂದೂ ಹೇಳಿದರು. ಆಕೆ ಆಗಲೇ ರೈಲಿನಲ್ಲಿ ಮಂಗಳೂರು ಸೇರಿ ಕಾಯುತ್ತಿದ್ದರಂತೆ.

ಮೇಸ್ತ್ರಿ ಸಮುದ್ರ ನೋಡಿದವರಲ್ಲ. ಆದರೆ ಕುದಿಯುವ ಡೀಸೆಲ್ ಎಂಜಿನ್ ಎಂದರೆ ಹಬ್ಬದ ದಿನವೂ ಕೈ ಕಟ್ಟಿ ಕೂರುವವರಲ್ಲ. ಏಣಿ ಹಾಕಿ ಹತ್ತಿದರು. ದೋಣಿಯ ಹೊಟ್ಟೆಯೊಳಗೆ, ಮೆಟ್ಟಿಲ ಕೆಳಗಿನ ಒಂದು ಪೆಟ್ಟಿಗೆಯಂಥ ಜಾಗದಲ್ಲಿ ಎಂಜಿನ್ ಕೂತಿತ್ತು. ಕೈ ಹಿಂದಕ್ಕೆ ಕಟ್ಟಿಕೊಳ್ಳುವಷ್ಟು ಜಾಗವೂ ಅಲ್ಲಿರಲಿಲ್ಲ. ದೋಣಿ ಸಾರ್ ವಿವರಿಸಿದರು: ಎಂಜಿನ್ನಿನೊಳಗೆ ಸಿಹಿನೀರು ಸುತ್ತುತ್ತದೆ, ಒಂದು ಪಂಪು ಹೊರಗಿನಿಂದ ಉಪ್ಪುನೀರು ಎಳೆದು ತಂದು ಒಂದು ಕೊಳವೆಯ ಡಬ್ಬಿಯಲ್ಲಿ ಆ ಸಿಹಿನೀರನ್ನು ತಂಪು ಮಾಡಿ, ಹೊಗೆಯ ಜೊತೆ ಹಿಂದಿನಿಂದ ಹೊರಗೆ ಹಾಕುತ್ತದೆ.

ಮೇಸ್ತ್ರಿ ತಲೆ ಹೊರಗೆ ಹಾಕಿ ನನ್ನನ್ನು ಕೂಗಿದರು. "ಅಮ್ಮಣ್ಣೀ, ಕೇಳಿಸ್ಕಂಡ್ಯಾ? ರೇಡಿಯೇಟರ್ ಜಾಗದಾಗೆ ಸಮುದ್ರಾನೇ ಮಡಗವ್ರೆ!"

ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಸಮುದ್ರದ ಬದಲು ಬೋರ್‌ವೆಲ್ ನೀರಿನ ಡ್ರಮ್ಮು ಇಟ್ಟು ಅದರಲ್ಲಿ ಪಂಪಿನ ಪೈಪು ಇಳಿಬಿಟ್ಟರು. ಹಿಂದಿನಿಂದ ಬೀಳುವ ನೀರು ವ್ಯರ್ಥವಾಗಬಾರದೆಂದು ಸಲಿಕೆ ತಂದು ಒಂದು ಸಣ್ಣ ಕಾಲುವೆ ತೋಡಿ, ಅದನ್ನು ಅಕ್ಕನ ಕನಕಾಂಬರದ ಪಾತಿಗೆ ಬಿಟ್ಟರು. ನೀರುಗಂಟಿಯ ಮಗ, ಸುಮ್ಮನೆ ಹರಿಯುವ ನೀರನ್ನು ನೋಡಿಕೊಂಡಿರುವುದು ಅವರಿಂದ ಆಗುತ್ತಿರಲಿಲ್ಲ.

ನಂತರ, ನಾನು ಏಣಿ ಹತ್ತಿ ಬರುವಷ್ಟರಲ್ಲಿ, ಅಭ್ಯಾಸಬಲದಿಂದ ಮಾಡಿದ ಮೊದಲ ಕೆಲಸವೆಂದರೆ ಥರ್ಮೋಸ್ಟಾಟ್ ಕಿತ್ತದ್ದು. ನೀರಿನ ದಾರಿ ನಡೆಯುವುದಕ್ಕೂ ಮುಂಚೆ! ದೋಣಿಯ ಉತ್ಸಾಹದಲ್ಲಿ ತಮ್ಮ ಪಾಠವನ್ನು ತಾವೇ ಮರೆತಿದ್ದರು. ಬಿಲ್ಲೆಯನ್ನು ಜೇಬಿಗೆ ಹಾಕಿ, "ಈಗ ನೋಡಿ ಸಾರ್" ಎಂದು ಸ್ಟಾರ್ಟ್ ಮಾಡಿಸಿದರು. ಹತ್ತು ನಿಮಿಷಕ್ಕೆ ಕುದಿಯುತ್ತಿದ್ದ ಎಂಜಿನ್ ಐದೇ ನಿಮಿಷಕ್ಕೆ ಕುದಿಯಿತು. ಏಣಿಯ ಕೆಳಗಿದ್ದ ಜನ ಹೋ ಎಂದರು.

ವರ್ಷಗಟ್ಟಲೆ ಈ ಜಗಳದಲ್ಲಿ ಸೋಲುತ್ತಲೇ ಬಂದವಳು ನಾನು. "ಅಣ್ಣಾ, ಆ ವಾಲು ಬರೀ ಬಾಗಿಲಲ್ಲ. ರೇಡಿಯೇಟರ್ ಕಡೆ ಬಾಗಿಲು ತೆಗೆಯುವಾಗ ಇನ್ನೊಂದು ಕಡೆ ಅಡ್ಡದಾರಿಯ ಬಾಗಿಲು ಮುಚ್ಚುತ್ತದೆ. ನೀವು ಕಿತ್ತರೆ ಅಡ್ಡದಾರಿ ಯಾವಾಗಲೂ ತೆರೆದೇ ಇರುತ್ತೆ. ಬಿಸಿನೀರು ತಣ್ಣಗಾಗಲು ಹೋಗದೆ ಹಾಗೇ ವಾಪಸ್ ಎಂಜಿನ್ನಿಗೇ ಬರುತ್ತೆ. ಲಾರಿಯಲ್ಲಿ ರೇಡಿಯೇಟರ್ ದೊಡ್ಡದು, ಹೇಗೋ ನಡೆಯುತ್ತೆ. ಇಲ್ಲಿ ನಡೆಯಲ್ಲ" ಅಂದೆ.

ಮೇಸ್ತ್ರಿ ಆ ಅಡ್ಡದಾರಿಯ ಕೊಳವೆಗುಂಟ ಕಣ್ಣಲ್ಲೇ ನಡೆದು ಬಂದರು. ಆಮೇಲೆ ಮೆಲ್ಲಗೆ, "ಅಂದ್ರೆ ಮೇಲಿನ ಮಡೆ ಕಟ್ಟದೆ ಕೆಳಗಿನ ಗದ್ದೆಗೆ ನೀರು ಕೇಳ್ತಾ ಇದೀನಿ ನಾನು" ಅಂದರು. ಜೇಬಿನಿಂದ ಬಿಲ್ಲೆ ತೆಗೆದು, ಲುಂಗಿಯಲ್ಲಿ ಒರೆಸಿ, ನನ್ನ ಕೈಗಿಟ್ಟರು. "ನಿನ್ ವಾಲು, ನೀನೇ ಹಾಕು."

ನಾನೇ ಹಾಕಿದೆ. ಅಷ್ಟು ಜನರ ಮುಂದೆ ಸೋತದ್ದಕ್ಕೆ ಅವರ ಮುಖದಲ್ಲಿ ಬೇಸರವಿರಲಿಲ್ಲ. ನನಗೇ ಸ್ವಲ್ಪ ಸಂಕಟವಾಯಿತು.

ಆಗ ಶುರುವಾಯಿತು ನಿಜವಾದ ಕೆಲಸ. ಹಿಂದಿನಿಂದ ಬೀಳುವ ನೀರಿಗೆ ಕೊಡ ಹಿಡಿದು ತೆಲುಗಿನಲ್ಲಿ ಎಣಿಸಿದರು. ಕೊಡ ತುಂಬುವುದು ತೀರಾ ನಿಧಾನ. ಡ್ರಮ್ಮಿನಿಂದ ಹೊರಟು ಪೈಪು ಹಿಡಿದು ಬಂದರು. ಪಂಪು ಬಿಚ್ಚಿದರು. ಒಳಗೆ ರಬ್ಬರಿನ ಚಕ್ರ, ಆರು ಎಲೆ, ಎಲ್ಲವೂ ಹೊಸತರಂತೆ ಇದ್ದವು.

"ಅದು ಹೋದ ವರ್ಷ ಬದಲಾಯಿಸಿದ್ದು" ಅಂದರು ದೋಣಿ ಸಾರ್. "ಹಳೆಯದರ ಮೂರು ಎಲೆ ಕಿತ್ತು ಹೋಗಿತ್ತು. ಇಲ್ಲೇ ಎಲ್ಲೋ ಇಟ್ಟಿದ್ದೇನೆ, ಎಸೆಯಲಿಕ್ಕೆ ಮನಸ್ಸಾಗಲಿಲ್ಲ."

"ಕಿತ್ತೋದ ಮೂರು ಎಲೆ ಎಲ್ಲಿ ಸಾರ್?"

"ಅದು... ಹೋಯಿತಲ್ಲ."

"ಎಲ್ಲಿಗೋಯ್ತು ಅಂತ ಕೇಳ್ಲಿಲ್ವಾ ನೀವು?"

 ಹೊಸ ಚಕ್ರ ಹಾಕಿದರೆ ಕೆಲಸ ಮುಗಿಯಿತೆಂದು ಎಲ್ಲರೂ ಅಂದುಕೊಳ್ಳುವಂತೆ ದೋಣಿ ಸಾರ್ ಕೂಡ ಅಂದುಕೊಂಡಿದ್ದರು. ಮೇಸ್ತ್ರಿ ಪಂಪಿನಿಂದ ಮುಂದಕ್ಕೆ ನೀರು ಹೋಗುವ ಕಡೆಗೆ ನಡೆದರು. ತಂಪು ಮಾಡುವ ಡಬ್ಬಿಯ ಮುಚ್ಚಳ ಬಿಚ್ಚಿದರೆ, ಒಳಗಿನ ಸಣ್ಣ ಕೊಳವೆಗಳ ಬಾಯಿಗೆ ಎರಡು ಕರಿ ರಬ್ಬರ್ ಎಲೆಗಳು ಅಂಟಿಕೊಂಡು ಕೂತಿದ್ದವು. ಒಂದು ಚೂರೂ ಕಮ್ಮಿಯಿಲ್ಲದೆ, ಇಡಿಯಾಗಿ. ಅವನ್ನು ತೆಗೆದು, ಪೈಪಿಗೆ ಬೋರ್‌ವೆಲ್ ಮೋಟಾರಿನ ಜೋರು ನೀರನ್ನು ಹಿಂದುಮುಂದಾಗಿ ಹಾಯಿಸಿದರು. ಕೆಂಪನೆಯ ತುಕ್ಕು ನೀರು ಭರ್ರೆಂದು ಹೊರಗೆ ಬಂದು ಕಾಲುವೆಗುಂಟ ಕನಕಾಂಬರಕ್ಕೆ ಹೋಯಿತು. ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದರು. ಒಂದು ಗಂಟೆ ಓಡಿತು. ಅಂಗೈ ಪದಿ ದಾಟಿ ಇರವೈ, ಅಂದರೆ ಇಪ್ಪತ್ತರವರೆಗೂ ಪೈಪಿನ ಮೇಲಿತ್ತು. ಗುರುತಿಗೆಂದು ಆ ಪೈಪಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು. ಜನ ಚಪ್ಪಾಳೆ ತಟ್ಟಿದರು. ದೋಣಿ ಸಾರ್ ಮೇಸ್ತ್ರಿಯ ಎಣ್ಣೆಗೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮೇಸ್ತ್ರಿ ಮಾತ್ರ ಕೈ ಬಿಡಿಸಿಕೊಂಡು, "ಮೂರ್ನೇದು ಸಿಗ್ಲಿಲ್ಲ" ಅಂದರು.

ಹಳೆಯ ಚಕ್ರವನ್ನು ಹುಡುಕಿಸಿ ತರಿಸಿ ಎರಡೂ ಎಲೆಗಳನ್ನು ಅದಕ್ಕೆ ಹೊಂದಿಸಿ ನೋಡಿದರು. ಸರಿಯಾಗಿ ಕೂತವು. ಮೂರನೆಯ ಜಾಗ ಖಾಲಿ. ಆ ಎಲೆ ಕೊಳವೆಗಳ ಒಳಗಿಂದ ನುಸುಳಿ ಹೊರಗೆ ಹೋಗುವಷ್ಟು ಸಣ್ಣದಲ್ಲ, ಆದ್ದರಿಂದ ಒಳಗೇ ಎಲ್ಲೋ ಅವಿತಿದೆ ಎನ್ನುವುದು ಅವರ ವಾದ. ದೋಣಿ ಅಲುಗಾಡಿದಾಗ ಅದು ಬಂದು ಮತ್ತೆ ಬಾಯಿಗೆ ಕೂತರೆ? ಅಳಿವೆಯ ನಡುವೆ ಕೂತರೆ? ಮರುದಿನ ಒಂದೊಂದೇ ಪೈಪು ಬಿಚ್ಚಿ, ಬಿಸಿಲಿಗೆ ಹಿಡಿದು ಒಳಗೆ ನೋಡಿದರು. ತಂತಿ ತೂರಿಸಿದರು. ಸಿಗಲಿಲ್ಲ. ಅಷ್ಟರಲ್ಲಿ ಬೇರಿಂಗ್ ಬಂತು, ಟ್ರೇಲರ್ ಎದ್ದು ನಿಂತಿತು.

"ಅಣ್ಣಾ, ಟೈಮ್ ಆಚು. ಒರು ರಬ್ಬರ್ ತುಂಡುಕ್ಕಾಗ ಇವ್ವಳವು ನೇರಮಾ?" ಎಂದು, ಒಂದು ತುಂಡು ರಬ್ಬರಿಗೆ ಇಷ್ಟು ಹೊತ್ತೇ ಎಂದು, ಟ್ರೇಲರ್ ಡ್ರೈವರ್ ಗೊಣಗಿದ.

ಅವನಿಗೆ ತಮಿಳಿನಲ್ಲಿ ಸರಿಯಾಗಿ ಬೈದು, ದೋಣಿ ಸಾರ್ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಸಾರ್, ಎಂಜಿನ್ ತಂಪಾಗದೆ, ಸುಳ್ಳೇಳಲ್ಲ. ಆದ್ರೆ ಸರಿಯಾಗದೆ ಅಂತ ನಾನು ಯೋಳಲ್ಲ. ಆ ಎಲೆ ಸಿಗೋವರ್ಗೂ ಅಳಿವೆ ದಾಟ್ಬ್ಯಾಡಿ. ಈ ಹಳೇ ಚಕ್ರ ನನ್ ತಾವ ಇರ್ಲಿ."

ದೋಣಿ ಹೋಯಿತು. ನಿಂಬೆಹಣ್ಣು ಅಲ್ಲಾಡುತ್ತ ಬೆಂಗಳೂರಿನ ಕಡೆ ಹೋದದ್ದನ್ನು ಎಲ್ಲರೂ ನಿಂತು ನೋಡಿದೆವು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಂಗಳೂರಿನಲ್ಲಿ ದೋಣಿ ಸಾರ್ ಎರಡು ಸಲ ಎಲ್ಲವನ್ನೂ ಬಿಚ್ಚಿಸಿದರು, ಎಲೆ ಸಿಗಲಿಲ್ಲ. ಹೊಳೆಯಲ್ಲಿ ಇಳಿಸಿ ಓಡಿಸಿದರು, ಎಂಜಿನ್ ಬಿಸಿಯಾಗಲಿಲ್ಲ. ಹೊರಡೋಣ ಎಂದು ಅವರು ಹೆಂಡತಿಯನ್ನು ಕರೆದರೆ, ಆಕೆ ಒಪ್ಪಲಿಲ್ಲ. "ಹೊಸೂರಿನ ಮೇಸ್ತ್ರಿ ಹೊರಡಿ ಅನ್ನುವವರೆಗೆ ನಾನು ಹತ್ತುವುದಿಲ್ಲ. ಚೆನ್ನಾಗಿ ಉಂಟು ಚೆನ್ನಾಗಿ ಉಂಟು ಅಂತ ನೀವು ಮೂವತ್ತು ವರ್ಷದಿಂದ ಹೇಳ್ತಾ ಇದ್ದೀರಿ. ಇಲ್ಲ ಅಂದದ್ದು ಅವರೊಬ್ಬರೇ" ಅಂದರಂತೆ. ಹೀಗಾಗಿ ಆ ಇಬ್ಬರ ಮಲ್ಪೆ ಪ್ರಯಾಣ ನಮ್ಮ ಮೇಸ್ತ್ರಿಯ ಒಂದು ಮಾತಿಗೆ ಕಟ್ಟಿಬಿದ್ದಿತು. ಪ್ರತಿ ಭಾನುವಾರ ಬೆಳಿಗ್ಗೆ ದೋಣಿ ಸಾರ್ ಫೋನು. ಇವರದು ಅದೇ ಉತ್ತರ. ಬೇಸಿಗೆ ಹೋಯಿತು. ಮಳೆಗಾಲ ಬಂದು ಕಡಲು ಮುಚ್ಚಿತು.

ಮೇಸ್ತ್ರಿ ಸೊರಗಿದರು. ಯಾರ ಗಾಡಿ ಬಂದರೂ ಕೆಲಸದ ನಡುವೆ ಗೋಡೆಯ ಮೊಳೆಗೆ ಹಾಕಿದ್ದ ಆ ಚಕ್ರದ ಕಡೆ ನೋಡುತ್ತಿದ್ದರು. ನನಗೆ ಸಿಟ್ಟೇ ಬಂತು. "ಪಾಪ, ವಯಸ್ಸಾದವರು, ಎಷ್ಟು ದಿನ ಕಾಯಿಸ್ತೀರಿ? ಹೊರಡಿ ಅಂತ ಒಂದು ಮಾತು ಹೇಳಿಬಿಡಿ ಅಣ್ಣ. ನೂರಕ್ಕೆ ತೊಂಬತ್ತೊಂಬತ್ತು ಏನೂ ಆಗಲ್ಲ" ಅಂದೆ.

"ನಿನ್ ಫ್ಯಾಕ್ಟ್ರೀಲಿ ಡಬ್ಬದಾಗೆ ಆರು ಇರ್ಬೇಕಾದ ಕಡೆ ಐದು ಇದ್ರೆ ಸೀಲ್ ಹಾಕ್ತೀಯಾ?"

"ಹಾಕಲ್ಲ."

"ಮತ್ತೆ?"

ನನಗೆ ನಾಚಿಕೆಯಾಯಿತು. ಅವತ್ತಿನಿಂದ ನಾನೂ ಆ ಮಾತೆತ್ತಲಿಲ್ಲ.

ಮಳೆ ನಿಂತಿತು. ಆಯುಧಪೂಜೆಗೆ ಒಂದು ವಾರ ಇರುವಾಗ ಅಕ್ಕ ಕನಕಾಂಬರದ ಹಳೇ ಗಿಡಗಳನ್ನು ಕಿತ್ತು ಪಾತಿ ಅಗೆಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದೆ. ಗುದ್ದಲಿಗೆ ಏನೋ ಸಿಕ್ಕಿತು. ಹರಿದ ಚಪ್ಪಲಿಯ ತುಂಡಿರಬೇಕೆಂದು ಎಸೆಯಲು ಕೈ ಎತ್ತಿದವರು, ಹಾಗೇ ನಿಂತು, ಸೆರಗಿನಲ್ಲಿ ಮಣ್ಣು ಒರೆಸಿ ನೋಡಿದರು. ಆಮೇಲೆ ಶೆಡ್ಡಿನ ಕಡೆ ಕೂಗಿದರು.

"ಇಲ್ ಬಾ ಇಲ್ಲಿ! ಪೊಂಗಲ್‌ನಿಂದ ತಲೆ ತಿಂದ್ಯಲ್ಲ, ಇದೇನಾ ನೋಡು ನಿನ್ ಎಲೆ?"

ಮೇಸ್ತ್ರಿ ಬಂದರು. ಅದನ್ನು ತೆಗೆದುಕೊಂಡು ಹೋಗಿ ಚಕ್ರಕ್ಕೆ ಹಚ್ಚಿ ನೋಡಿದರು. ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತಿತು. ಅವತ್ತು ಹಿಂದುಮುಂದಾಗಿ ಹಾಯಿಸಿದ ಜೋರು ನೀರಿನಲ್ಲಿ ಅದು ಪೈಪಿನಿಂದ ಹಾರಿ, ಅವರೇ ತೋಡಿದ ಕಾಲುವೆಯಲ್ಲಿ ತೇಲಿ, ಪಾತಿಯ ಕೆಸರಲ್ಲಿ ಹೂತುಹೋಗಿತ್ತು.

ಸಲಿಕೆ ಒರಗಿಸಿದ ಕಟ್ಟೆಯ ಮೇಲೆ ಕೂತುಬಿಟ್ಟರು. ಮೊದಲು ನಕ್ಕರು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ನೋಡಮ್ಮಣ್ಣಿ, ಊರೋರ್ಗೆಲ್ಲ ಯೋಳ್ಕೊಂಡ್ ಬಂದೆ, ನೀರಿನ ದಾರಿ ನಡೀರ್ಲಾ ಅಂತ. ನಾನು ಎಂಜಿನ್ನಿಂದ ಈಚೆಗೆ ನಡೀಲೇ ಇಲ್ಲ. ಹತ್ತೆಜ್ಜೆ. ನಾನೇ ತೋಡಿದ್ ಕಾಲ್ವೆ! ನಮ್ಮಪ್ಪ ಇದ್ದಿದ್ರೆ ಸಲಿಕೆ ಕಿತ್ಕಂಡಿರೋನು."

ಆಮೇಲೆ ಫೋನು ಎತ್ತಿಕೊಂಡು ಮಂಗಳೂರಿಗೆ ಮಾಡಿದರು. ತಮ್ಮ ತಪ್ಪನ್ನು ಒಂದು ಅಕ್ಷರ ಮುಚ್ಚಿಡದೆ ಒಪ್ಪಿಸಿ, ಕೊನೆಗೆ ಒಂದೇ ಮಾತು: "ಹೊರಡಿ ಸಾರ್."

ಅವರು ಹೊರಟದ್ದು ಆಯುಧಪೂಜೆ ಕಳೆದ ಮೇಲಿನ ಒಂದು ಬೆಳಿಗ್ಗೆ. ಹತ್ತು ಗಂಟೆಯ ಹೊತ್ತಿಗೆ ಫೋನು ಬಂತು. ಮೇಸ್ತ್ರಿ ಅದನ್ನು ಕೆಲಸದ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ರಿಪೇರಿಗೆ ಬಂದಿದ್ದ ಇಬ್ಬರು ಲಾರಿ ಡ್ರೈವರುಗಳು, ಅಕ್ಕ, ನಾನು, ಎಲ್ಲರೂ ಸುತ್ತ ನಿಂತೆವು. ಎಂಜಿನ್ನಿನ ಟಕಟಕ, ಅದರ ಹಿಂದೆ ನೀರಿನ ಅಬ್ಬರ. ಮಾತಾಡಿದ್ದು ದೋಣಿ ಸಾರ್ ಅಲ್ಲ, ಹೆಂಗಸಿನ ದನಿ.

"ಮೇಸ್ತ್ರಿಯವರೇ, ಅವರು ಚುಕ್ಕಾಣಿ ಬಿಡುವ ಹಾಗಿಲ್ಲ. ಅಳಿವೆಯ ಒಳಗೆ ಇದ್ದೇವೆ. ಎಂಜಿನ್ ನೋಡಲಿಕ್ಕೆ ನನ್ನನ್ನು ಕೆಳಗೆ ಕಳಿಸಿದ್ದಾರೆ. ಎಂತ ಮಾಡಬೇಕು ಹೇಳಿ."

ಮೇಸ್ತ್ರಿ ಫೋನಿನ ಕಡೆ ಬಗ್ಗಿದರು. "ತಾಯೀ, ದಪ್ಪ ರಬ್ಬರ್ ಪೈಪು, ಕೆಳ್ಗಡೆ, ಕೆಂಪು ಬಟ್ಟೆ ಕಟ್ಟಿದೀನಿ ನೋಡಿ. ಅದ್ರ ಮ್ಯಾಲೆ ಅಂಗೈ ಇಡಿ. ಸುಟ್ರೆ ತಕ್ಷಣ ತೆಗ್ದ್ಬುಡಿ. ನಾನು ಎಣಿಸ್ತೀನಿ."

"ಇಟ್ಟೆ."

"ಒಕಟಿ... ರೆಂಡು... ಮೂಡು..."

 ಐದು, ಆರು, ಏಳು. ಆ ಕಡೆ ಏನೋ ಧಡ್ ಎಂದು ಬಡಿಯಿತು, ದೋಣಿ ಸಾರ್ ಮೇಲಿಂದ ಏನೋ ಕೂಗಿದರು. ಅಕ್ಕ ನನ್ನ ತೋಳು ಹಿಡಿದುಕೊಂಡರು. ಮೇಸ್ತ್ರಿ ನಿಲ್ಲಿಸಲಿಲ್ಲ. "ಎನಿಮಿದಿ... ತೊಮ್ಮಿದಿ... ಪದಿ."

"ಕೈ ಇನ್ನೂ ಇಟ್ಟೇ ಇದ್ದೇನೆ" ಅಂದಿತು ದನಿ. "ಬೆಚ್ಚಗೆ ಉಂಟು, ಅಷ್ಟೇ. ತೆಗೀಲಾ?"

"ಬ್ಯಾಡ ತಾಯಿ, ಇರ್ಲಿ" ಎಂದು ಮುಂದುವರಿಸಿದರು. ಇರವೈ ಆಯಿತು, ಮುಪ್ಪೈ, ಮೂವತ್ತೂ ಆಯಿತು. ನೀರಿನ ಅಬ್ಬರ ನಿಧಾನವಾಗಿ ಹಿಂದೆ ಸರಿಯಿತು. "ದಾಟಿತು, ದಾಟಿತು" ಎಂದು ಆಕೆ ಚಿಕ್ಕ ಹುಡುಗಿಯಂತೆ ಕೂಗಿದ್ದು ಕೇಳಿಸಿತು. ಮುಪ್ಪೈ ಏಡು ಎನ್ನುವಾಗ ಸಿಗ್ನಲ್ ಹೋಯಿತು. ಫೋನು ಕಟ್ಟಾದದ್ದು ಗೊತ್ತಿದ್ದೂ ಮೇಸ್ತ್ರಿ ನಲಭೈ ಎಂದು ನಲವತ್ತು ಮುಟ್ಟಿಸಿಯೇ ಬಾಯಿ ಮುಚ್ಚಿದರು.

ನಂತರ ಗೋಡೆಯ ಮೊಳೆಯಿಂದ ಆ ಚಕ್ರ ತೆಗೆದುಕೊಂಡರು. ಮೂರೂ ಎಲೆಗಳಿಗೆ ಅಂಟು ಹಾಕಿ, ಸ್ಟೂಲ್ ಹತ್ತಿ, ಬಾಗಿಲ ತೋರಣದ ಕೊನೆಗೆ ಪೋಣಿಸಿದರು. ಮುಂದೆ ಇನ್ನೊಂದು ಬಿಲ್ಲೆ ಸೇರದ ಹಾಗೆ ತಂತಿಯ ತುದಿಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಮಡಚಿದರು. ಸ್ಟೂಲಿನ ಮೇಲಿಂದಲೇ ನನ್ನ ಕಡೆ ನೋಡಿ, "ನಿನ್ ವಾಲು ಬಾಗ್ಲು ತೆಗ್ದದೆ ಕಣಮ್ಮ" ಅಂದರು.